ಬ್ರೇಕಪ್ಪನವರ ವೇಗಮೀಮಾಂಸೆ

ಮನುಷ್ಯನು ಬಯಸತಕ್ಕ ವಸ್ತುಗಳನ್ನು ಹಿರಿಯರು ಧರ್ಮ, ಅರ್ಥ, ಕಾಮ, ಮೋಕ್ಷ ಎಂದು ನಾಲ್ಕೇ ಗೂಡುಗಳಲ್ಲಿ ಜೋಡಿಸಿಟ್ಟು ಕೈತೊಳೆದುಕೊಂಡಿದ್ದಾರೆ. ನಿವೃತ್ತಿಗೆ ನಾಲ್ಕೇ ತಿಂಗಳಿರುವ, ಬೆನ್ನುನೋವಿಗೆ ಸೊಂಟಪಟ್ಟಿ ಬಿಗಿದುಕೊಳ್ಳುವ ಸರ್ಕಾರಿ ನೌಕರನೊಬ್ಬನಿಗೆ, ಬಿರುಗಾಳಿಯಂತೆ ಓಡುವ ಹಳೆಯ ಕಾರೊಂದನ್ನು ಕೊಳ್ಳಬೇಕೆಂಬ ಆಸೆ ಹುಟ್ಟಿದರೆ ಅದನ್ನು ಯಾವ ಗೂಡಿನಲ್ಲಿಡತಕ್ಕದ್ದೆಂದು ಮಾತ್ರ ಅವರು ಹೇಳಲಿಲ್ಲ. ಧರ್ಮವೆನ್ನೋಣವೆಂದರೆ ಹೆಂಡತಿ ಒಪ್ಪುವುದಿಲ್ಲ. ಅರ್ಥವೆನ್ನೋಣವೆಂದರೆ ಪೆಟ್ರೋಲು ಒಪ್ಪುವುದಿಲ್ಲ. ಕಾಮವೆನ್ನೋಣವೆಂದರೆ ಬೆನ್ನು ಒಪ್ಪುವುದಿಲ್ಲ. ಇನ್ನುಳಿದ ಮೋಕ್ಷವು ಕಾರು ಓಡಿಸುವವನ ಕೈಯಲ್ಲಿರುತ್ತದೆ.

ಈ ಕಥೆಯ ನಾಯಕರು ವಾಹನ ಚಾಲನಾ ಪರೀಕ್ಷಕರು. ಲೈಸೆನ್ಸ್ ಬೇಡಿ ಬಂದವರ ಪಕ್ಕದ ಸೀಟಿನಲ್ಲಿ ಕುಳಿತು, ಮೊಳಕಾಲಿನ ಮೇಲೊಂದು ರಟ್ಟಿನ ಹಲಗೆಯನ್ನಿಟ್ಟುಕೊಂಡು, ಅವರ ತಪ್ಪುಗಳನ್ನು ಗುರುತು ಹಾಕುವುದು ಮೂವತ್ತೊಂದು ವರ್ಷಗಳಿಂದ ಅವರ ವೃತ್ತಿ. ಪರೀಕ್ಷೆಯ ಕಾರಿನಲ್ಲಿ ಅವರ ಕಾಲಬುಡಕ್ಕೂ ಒಂದು ಬ್ರೇಕು ಉಂಟು. ಅಭ್ಯರ್ಥಿಗಳು ಓಡಿಸುತ್ತಿದ್ದರು, ಇವರು ನಿಲ್ಲಿಸುತ್ತಿದ್ದರು. ಹೀಗೆ ಭೂಮಂಡಲಕ್ಕೆ ಎರಡು ಪ್ರದಕ್ಷಿಣೆ ಬರುವಷ್ಟು ದೂರವನ್ನು ಅವರು ಗಂಟೆಗೆ ಮೂವತ್ತು ಕಿಲೋಮೀಟರಿನ ವೇಗವನ್ನು ಒಮ್ಮೆಯೂ ಮೀರದೆ ಕ್ರಮಿಸಿದ್ದರು. ಆ ಬಲಗಾಲಿಗೆ ಬ್ರೇಕು ಒತ್ತುವ ಸಂಸ್ಕಾರ ಎಷ್ಟು ಗಾಢವಾಗಿತ್ತೆಂದರೆ, ಹೆಂಡತಿ ಮಾತಿಗೆ ತೊಡಗಿದರೆ ಅದು ತಾನಾಗಿ ನೆಲವನ್ನು ಒತ್ತುತ್ತಿತ್ತು. ಸೋಫಾದ ಮುಂದಿನ ಚಾಪೆಯಲ್ಲಿ ಹಿಮ್ಮಡಿಯಗಲದ ತೂತೊಂದಿತ್ತು. ಪಾಸಾದವರು ಅವರನ್ನು ಮರೆತರು. ಫೇಲಾದವರು ನಾಮಕರಣ ಮಾಡಿದರು. ಬ್ರೇಕಪ್ಪ ಎಂಬ ಆ ಹೆಸರು ಊರಿನ ಬಾಯಲ್ಲಿ ನೆಲೆನಿಂತು, ತಂದೆತಾಯಿ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ಅನರ್ಥದ ಬೀಜ ಬಿದ್ದದ್ದು ಷಡ್ಡಕನ ಮನೆಯಲ್ಲಿ. ಹೆಂಡತಿಯ ತಂಗಿಯ ಗಂಡನಾದ ಈ ಷಡ್ಡಕ ಟೈಲ್ಸ್ ವ್ಯಾಪಾರಿ. ನೆಲಕ್ಕೆ ಹಾಸುವ ವಸ್ತುವನ್ನು ಮಾರುತ್ತಿದ್ದರೂ ತಾನು ಮಾತ್ರ ನೆಲದ ಮೇಲೆ ನಿಂತವನಲ್ಲ. ಒಂದು ಭಾನುವಾರ ಊಟವಾದ ಮೇಲೆ ಅವನು ತನ್ನ ಹೊಸ ಗಾಡಿಯನ್ನು ನೂರನಲವತ್ತಕ್ಕೆ ಏರಿಸಿದ ವೃತ್ತಾಂತವನ್ನು ನೆಂಟರಿಷ್ಟರಿಗೆಲ್ಲ ವಿವರಿಸಿ, ಕೊನೆಗೆ ಪರೀಕ್ಷಕರ ಕಡೆ ತಿರುಗಿ ನಕ್ಕ.

“ನಿಮಗೆ ಹೇಳಿ ಏನು ಪ್ರಯೋಜನ ಭಾವ. ಹುಟ್ಟುಗುರುಡನಿಗೆ ಕಾಮನಬಿಲ್ಲು ತೋರಿಸಿದ ಹಾಗೆ.”

ಸಭೆ ನಕ್ಕಿತು. ಹೆಂಡತಿಯೂ ನಕ್ಕಳು, ಅದು ತಂಗಿಯ ಮನೆಯ ಮರ್ಯಾದೆಗಾಗಿ ಎಂದು ಆಮೇಲೆ ಹೇಳಿದಳು. ಪರೀಕ್ಷಕರು ಕೈಯೊರೆಸಿಕೊಂಡು, ತಾವು ಈ ವಿಷಯವನ್ನು ಬಹುದಿನಗಳಿಂದ ಅಧ್ಯಯನ ಮಾಡುತ್ತಿರುವುದಾಗಿಯೂ, ನಿವೃತ್ತಿಗೆ ಮೊದಲೇ ವೇಗದ ಕಾರೊಂದನ್ನು ಕೊಳ್ಳುವುದು ನಿಶ್ಚಯವೆಂದೂ, ಯುರೋಪಿನದೋ ಅಮೆರಿಕದ್ದೋ ಎಂಬುದೊಂದೇ ಉಳಿದಿರುವ ಸಂದೇಹವೆಂದೂ ಶಾಂತವಾಗಿ ನುಡಿದರು. ಈ ಮೂರು ಮಾತುಗಳೂ ಅಸತ್ಯ. ಆದರೆ ಆಡಿದ ಮಾತು ಒಡೆದ ಮುತ್ತು. ಮನೆಗೆ ಮರಳುವ ದಾರಿಯಲ್ಲಿ, ಹೆಂಡತಿ ಓಡಿಸುತ್ತಿದ್ದ ಪುಟ್ಟ ಬೂದುಬಣ್ಣದ ಕಾರಿನಲ್ಲಿ ಎಂದಿನಂತೆ ಪಕ್ಕಕ್ಕೆ ಕುಳಿತಿದ್ದಾಗ, ಆ ಸುಳ್ಳು ತಮ್ಮ ಜೀವಮಾನದಲ್ಲಿ ತಾವು ಆಡಿದ ಅತ್ಯಂತ ನಿಜವಾದ ಮಾತೆಂದು ಅವರಿಗೆ ಹೊಳೆಯಿತು. ಒಂದೇ ಒಂದು ಸಲ, ಸೀಟು ತಮ್ಮ ಬೆನ್ನನ್ನು ಹಿಂದಕ್ಕೆ ಹಿಡಿದು ಒತ್ತಬೇಕು. ನಾಲ್ಕು ತಿಂಗಳೊಳಗೆ. ಆಮೇಲೆ ಪಿಂಚಣಿಯವನನ್ನು ಯಾರು ವೇಗವಾಗಿ ಎಲ್ಲಿಗೆ ಕರೆದುಕೊಂಡು ಹೋಗುತ್ತಾರೆ?

ಮರುದಿನದ ಹೊತ್ತಿಗೆ ಬೀದಿ ಎರಡು ಪಂಗಡವಾಯಿತು. ಔಷಧದಂಗಡಿಯವರು ಯುರೋಪಿನ ಪಕ್ಷ. ತಿರುವಿನಲ್ಲಿ ನೆಲವನ್ನು ಕಚ್ಚಿ ಹಿಡಿಯುವ ಕಾರೇ ಕಾರು, ಮಿಕ್ಕಿದ್ದೆಲ್ಲ ಲಾರಿ ಎಂಬುದು ಅವರ ಸಿದ್ಧಾಂತ. ಕ್ಷೌರದಂಗಡಿಯವನು ಅಮೆರಿಕದ ಪಕ್ಷ. ಎಂಟು ಸಿಲಿಂಡರಿಲ್ಲದ ಎಂಜಿನ್ನು ಹೊಲಿಗೆಯಂತ್ರಕ್ಕೆ ಸಮಾನವೆಂದು ಅವನು ಗಿರಾಕಿಯ ಗಂಟಲ ಮೇಲೆ ಕತ್ತಿಯಿಟ್ಟೇ ವಾದಿಸುತ್ತಿದ್ದುದರಿಂದ ಅವನ ಪಕ್ಷಕ್ಕೆ ಬೆಂಬಲ ಬೇಗ ಬೆಳೆಯಿತು. ಇಬ್ಬರಿಗೂ ಸ್ವಂತ ವಾಹನವೆಂದರೆ ಸೈಕಲ್ಲು ಮಾತ್ರ. ಉಭಯಪಕ್ಷಗಳನ್ನೂ ಕೇಳಿ ತಲೆ ಚಿಟ್ಟುಹಿಡಿದ ಪರೀಕ್ಷಕರು ಕೊನೆಗೆ ಪರಿಚಯದ ಮೆಕ್ಯಾನಿಕನಲ್ಲಿಗೆ ಹೋದರು. ಅವನು ಕಾರಿನಡಿಯಿಂದ ಹೊರಗೆ ಬರುವ ಶ್ರಮ ತೆಗೆದುಕೊಳ್ಳದೆ, ಕಾಲುಗಳನ್ನಷ್ಟೇ ತೋರಿಸುತ್ತ ಉತ್ತರ ಕೊಟ್ಟ.

“ಯುರೋಪಿನ ಹಳೇ ಗಾಡಿ ಅಂದ್ರೆ ಅಳಿಯ ಇದ್ದ ಹಾಗೆ ಸಾರ್. ನಡೆನುಡಿ ಚೆಂದ, ಒಂದು ಗೀರು ಬಿದ್ರೂ ಮುನಿಸು, ಅವನು ಕೇಳಿದ ಎಣ್ಣೇನೇ ಹಾಕ್ಬೇಕು, ಅವನ ಕಡೆಯೋರೇ ಬಂದು ರಿಪೇರಿ ಮಾಡ್ಬೇಕು. ಅಮೆರಿಕದ್ದು ಭಾವಮೈದುನ. ಬಂದ್ರೆ ಊರಿಗೆಲ್ಲ ಗೊತ್ತಾಗುತ್ತೆ, ಕುಡಿಯೋದು ಜಾಸ್ತಿ, ತಿರುವಿನಲ್ಲಿ ನಂಬೋ ಹಾಗಿಲ್ಲ. ಆದ್ರೆ ತಳ್ಳು ಅಂದ್ರೆ ಗೋಡೇನೂ ತಳ್ತಾನೆ. ನಿಮಗೆ ಯಾರ ಜೊತೆ ಬಾಳಕ್ಕಾಗುತ್ತೆ ನೋಡ್ಕೊಳ್ಳಿ.”

ಅಳಿಯನೂ ಭಾವಮೈದುನನೂ ಇಬ್ಬರೂ ಇದ್ದ ಪರೀಕ್ಷಕರಿಗೆ ಈ ಉಪಮೆಯಿಂದ ಸಂದೇಹ ಇಮ್ಮಡಿಸಿತು. ಪ್ರತ್ಯಕ್ಷವೇ ಪ್ರಮಾಣವೆಂದು ನಿರ್ಧರಿಸಿ, ಶನಿವಾರ ಬೆಳಿಗ್ಗೆ ಹಳೆಯ ಕಾರುಗಳ ಅಂಗಳಗಳು ಸಾಲಾಗಿರುವ ಹೆದ್ದಾರಿಯ ಬದಿಗೆ ಹೊರಟರು. ಗುಣದೋಷಗಳನ್ನು ಬರೆದುಕೊಳ್ಳಲು ಕಾಗದ ಬೇಕಷ್ಟೆ. ಮನೆಯಲ್ಲಿ ರದ್ದಾದ ಹಳೆಯ ಪರೀಕ್ಷಾ ನಮೂನೆಗಳ ಕಟ್ಟೊಂದಿತ್ತು. ಅದರ ಹಿಂಬದಿ ಖಾಲಿ. ನಾಲ್ಕು ಹಾಳೆಗಳನ್ನು ರಟ್ಟಿನ ಹಲಗೆಗೆ ಸಿಕ್ಕಿಸಿಕೊಂಡರು. ಮಿತವ್ಯಯವು ದೊಡ್ಡ ಗುಣ. ಅದರಿಂದ ಎಷ್ಟು ಮನೆಗಳು ಉಳಿದಿವೆಯೋ ಅಷ್ಟೇ ಮನೆಗಳು ಕೆಟ್ಟಿವೆ.

ಮೊದಲನೆಯ ಅಂಗಳದಲ್ಲಿಯೇ ಯುರೋಪಿನ ಕಾರು ನಿಂತಿತ್ತು. ಎರಡೇ ಬಾಗಿಲು, ಕಡುನೀಲಿ ಬಣ್ಣ, ನೆಲಕ್ಕೆ ಮುತ್ತಿಡುವಷ್ಟು ತಗ್ಗು. ನಿಂತಲ್ಲಿಯೇ ಓಡುತ್ತಿರುವಂಥ ಮೈಕಟ್ಟು. ಅಂಗಳದ ವ್ಯಾಪಾರಿ, ಗಿರಾಕಿ ಬಂದನೆಂದು ನಗುತ್ತ ಹೊರಬಂದವನು, ಗಿರಾಕಿಯ ಮುಖವನ್ನೂ ಹಲಗೆಯನ್ನೂ ನೋಡಿದೊಡನೆ ನಗುವನ್ನು ಅರ್ಧಕ್ಕೇ ಬಿಟ್ಟ. ಹದಿನಾಲ್ಕು ವರ್ಷಗಳ ಹಿಂದೆ ಇವರು ಅವನನ್ನು ಮೂರು ಸಲ ಫೇಲು ಮಾಡಿದ್ದರು. ನಾಲ್ಕನೆಯ ಸಲ ಬರುವ ಬದಲು ಅವನು ಕಾರು ಮಾರುವ ವ್ಯಾಪಾರ ಆರಂಭಿಸಿ, ಅಂದಿನಿಂದ ದಿನಕ್ಕೆ ಹತ್ತು ಕಾರುಗಳನ್ನು ಲೈಸೆನ್ಸಿಲ್ಲದೆಯೇ ಓಡಿಸುತ್ತಿದ್ದ. ಇದಾವುದೂ ಪರೀಕ್ಷಕರಿಗೆ ನೆನಪಿರಲಿಲ್ಲ. ಮರಕಡಿಯುವವನು ಮರದ ಮುಖವನ್ನು ನೆನಪಿಡುತ್ತಾನೆಯೇ?

ಓಡಿಸಿ ನೋಡಬಹುದೇ ಎಂದು ಅವರು ಕೇಳಿದರು. ವ್ಯಾಪಾರಿ ಕೀಲಿಯನ್ನು ಮುಂದೆ ಚಾಚಿದ. ಇಲ್ಲಿ ಮೂವತ್ತೊಂದು ವರ್ಷಗಳ ಅಭ್ಯಾಸವು ತನ್ನ ಕೆಲಸವನ್ನು ಮಾಡಿತು. ಪರೀಕ್ಷಕರು ಕೀಲಿಯನ್ನು ಗಮನಿಸದೆ, ನೇರವಾಗಿ ಪಕ್ಕದ ಬಾಗಿಲನ್ನು ತೆರೆದು ಕುಳಿತು, ಹಲಗೆಯನ್ನು ಮೊಳಕಾಲಿನ ಮೇಲಿಟ್ಟು, ಪೆನ್ನಿನ ಮುಚ್ಚಳ ತೆಗೆದು, “ಸರಿ, ಹೊರಡಿ” ಎಂದರು. ಆ ಎರಡು ಶಬ್ದಗಳನ್ನು ವ್ಯಾಪಾರಿ ಹದಿನಾಲ್ಕು ವರ್ಷಗಳಿಂದ ಕೆಟ್ಟ ಕನಸುಗಳಲ್ಲಿ ಕೇಳುತ್ತಿದ್ದ.

ಅಂದು ಆ ಕಾರು ಹೋದ ರೀತಿಯನ್ನು ವರ್ಣಿಸಲು ಮಂದಗಮನೆಯರನ್ನು ವರ್ಣಿಸಿದ ಹಳೆಯ ಕವಿಗಳೇ ಬರಬೇಕು. ಮುನ್ನೂರು ಕುದುರೆಗಳ ಬಲವುಳ್ಳ ಎಂಜಿನ್ನು, ಮುನ್ನೂರು ಕುದುರೆಗಳೂ ಏಕಕಾಲಕ್ಕೆ ನಿದ್ದೆಹೋದಂತೆ ಸಾಗಿತು. ತಿರುವು ಬರುವ ಮುನ್ನೂರು ಮೀಟರು ಮೊದಲೇ ಸಂಕೇತದೀಪ ಮಿನುಗಿತು. ದಾರಿ ದಾಟುವ ಪಟ್ಟಿಯ ಬಳಿ ಯಾರಿಗೋ ಕಾಯುತ್ತ ಸುಮ್ಮನೆ ನಿಂತಿದ್ದ ಹೆಂಗಸೊಬ್ಬಳಿಗಾಗಿ ಕಾರು ನಿಂತಿತು, ನಿಂತೇ ಇತ್ತು. ಆಕೆ ಸಂಕೋಚದಿಂದ ರಸ್ತೆ ದಾಟಿದಳು, ಕಾರು ಹೋಗಲೆಂದು ಕಾದಳು, ಅದು ಹೋಗದಿರಲು ಪುನಃ ದಾಟಿ ಮೊದಲಿದ್ದಲ್ಲಿಗೇ ಬಂದಳು.

ಪರೀಕ್ಷಕರು, ಸ್ವಲ್ಪ ಜೋರಾಗಿ ಹೋಗಬಹುದು ಎಂದರು.

“ಇಲ್ಲಿ ಮಿತಿ ನಲವತ್ತು ಸಾರ್. ನನಗೆ ಗೊತ್ತು.”

“ಈಗ ಎಷ್ಟಿದೆ?”

“ಇಪ್ಪತ್ತೆರಡು.”

“ಹಾಗಾದ್ರೆ ಇನ್ನೂ ಹದಿನೆಂಟು ಬಾಕಿ ಇದೆಯಲ್ಲ.”

“ಅದು ನಿಮ್ಮ ಹತ್ರಾನೇ ಇರ್ಲಿ ಸಾರ್.”

ಹೆದ್ದಾರಿಗೆ ಹೋಗೋಣವೆಂದರೆ ಅದು ತನ್ನನ್ನು ಸಿಕ್ಕಿಸುವ ಬಲೆಯೆಂದು ತಿಳಿದ ವ್ಯಾಪಾರಿ, ಹೆದ್ದಾರಿ ತನಗೆ ಆಗಿಬರುವುದಿಲ್ಲವೆಂದು ಸಾಧಿಸಿದ. ಅಂಗಳಕ್ಕೆ ಮರಳಿ, ಹಿಂದಕ್ಕೆ ಚಲಿಸಿ, ಎರಡು ಗೆರೆಗಳ ನಡುವೆ ಕೂದಲೆಳೆಯಷ್ಟೂ ತಪ್ಪದಂತೆ ನಿಲ್ಲಿಸಿ, ಹಣೆಯ ಬೆವರೊರೆಸಿಕೊಂಡ. ಪರೀಕ್ಷಕರು ‘ಯುರೋಪು: ಸದ್ದಿಲ್ಲ, ಸಂಯಮ ವಿಶೇಷ, ವೇಗ ತಿಳಿಯಲಿಲ್ಲ’ ಎಂದು ಬರೆದುಕೊಂಡು ಬೆಲೆ ಕೇಳಿದರು. ವ್ಯಾಪಾರಿ, ಮಧ್ಯಾಹ್ನದೊಳಗೆ ಒಯ್ಯುವುದಾದರೆ ಹಳೆಯ ಸೈಕಲ್ಲಿನ ಬೆಲೆಗೆ ಕೊಡುತ್ತೇನೆ ಎಂದ.

ಹೊಗೆಯಿದ್ದಲ್ಲಿ ಬೆಂಕಿಯಿರಬೇಕೆಂಬುದು ತರ್ಕ. ಇಷ್ಟು ಅಗ್ಗವಾಗಿದ್ದಲ್ಲಿ ಎಂಜಿನ್ನು ಹೋಗಿರಬೇಕೆಂದು ಪರೀಕ್ಷಕರು ಅನುಮಾನಪ್ರಮಾಣದಿಂದ ನಿಶ್ಚಯಿಸಿ, ಗಂಭೀರವಾಗಿ ತಲೆಯಾಡಿಸಿ, ಹಲಗೆಯ ಮೇಲೆ ಕತ್ತರಿಗುರುತು ಹಾಕಿ, ಪಕ್ಕದ ಅಂಗಳದ ಕಡೆ ನಡೆದರು. ಅವರು ತಲುಪುವಷ್ಟರಲ್ಲಿ ಅದರ ಗೇಟು ಮುಚ್ಚಿತು. ಮೂರನೆಯದೂ ಮುಚ್ಚಿತು. ನಾಲ್ಕನೆಯ ಅಂಗಳದಲ್ಲಿ ಒಬ್ಬ ಮಾತ್ರ ಇದ್ದು, ತಾನು ಕಾವಲುಗಾರನೆಂದೂ, ಜನ್ಮದಲ್ಲಿ ಕಾರನ್ನು ಮುಟ್ಟಿದವನೇ ಅಲ್ಲವೆಂದೂ ಕೇಳದೆಯೇ ಹೇಳಿದ. ಅವನ ಕೈಯಲ್ಲಿ ಆರು ಕಾರುಗಳ ಕೀಲಿಗಳಿದ್ದವು.

ಸೋಮವಾರ ಪರೀಕ್ಷಕರು ಕಚೇರಿಗೆ ಬಂದಾಗ, ಎಂದೂ ಇಪ್ಪತ್ತು ಮಂದಿಯನ್ನು ಮೀರದ ಸಾಲು ಗೇಟಿನಾಚೆಗೆ ಹೋಗಿ ಮರದ ಸುತ್ತ ತಿರುಗಿ ಮರಳಿ ಬಂದಿತ್ತು. ಕಾರಿನ ವ್ಯಾಪಾರಿಗಳು, ಅವರ ಆಳುಗಳು, ಹಾಲಿನ ವ್ಯಾನಿನವನು, ಹನ್ನೆರಡು ವರ್ಷಗಳಿಂದ ಶಾಲೆಯ ಬಸ್ಸು ಓಡಿಸುತ್ತಿರುವ ಗಣ್ಯರೊಬ್ಬರು, ಎಲ್ಲರೂ ಲೈಸೆನ್ಸಿಗೆ ಅರ್ಜಿ ಹಿಡಿದು ನಿಂತಿದ್ದರು. ಮೊದಲನೆಯವನೇ ನೀಲಿ ಕಾರಿನ ವ್ಯಾಪಾರಿ. “ಈ ಸಲ ಕನ್ನಡಿ ಮರೆಯಲ್ಲ ಸಾರ್” ಎಂದು ಅವನು ಕೈಮುಗಿದಾಗಲೇ ಪರೀಕ್ಷಕರಿಗೆ ಶನಿವಾರದ ಕಥೆಯೆಲ್ಲ ಬೆಳಗಾದಂತೆ ಅರ್ಥವಾಯಿತು. ಕರ್ತವ್ಯ ಕರ್ತವ್ಯವೇ. ಅವನನ್ನು ಕೂರಿಸಿಕೊಂಡು ಹೊರಟರು. ಎರಡು ದಿನಗಳ ಹಿಂದೆ ದೇವತೆಯಂತೆ ಓಡಿಸಿದ್ದವನು, ಈಗ ನಿಜವಾದ ಪರೀಕ್ಷೆಯೆಂದು ತಿಳಿದ ಕೂಡಲೆ ಕನ್ನಡಿಯನ್ನು ಮರೆತ.

ನಾಲ್ಕನೆಯ ಸಲ ಫೇಲಾದ ಅವನನ್ನು ಕಳುಹಿಸಿ ಪರೀಕ್ಷಕರು ಧರ್ಮಸೂಕ್ಷ್ಮವೊಂದರಲ್ಲಿ ಸಿಕ್ಕಿಬಿದ್ದರು. ಫೇಲು ಮಾಡಿದವನ ಕಾರನ್ನು ಕೊಂಡರೆ ಜನ ಬೆದರಿಕೆ ಎನ್ನುತ್ತಾರೆ. ಪಾಸು ಮಾಡಿದವನ ಕಾರನ್ನು ಕೊಂಡರೆ ಲಂಚ ಎನ್ನುತ್ತಾರೆ. ಊರಿನ ಕಾರು ವ್ಯಾಪಾರಿಗಳೆಲ್ಲ ಸಾಲಿನಲ್ಲಿ ನಿಂತಿದ್ದುದರಿಂದ ಯುರೋಪು ಖಂಡವೇ ಅವರ ಪಾಲಿಗೆ ಒಂದು ಮಧ್ಯಾಹ್ನದಲ್ಲಿ ಮುಳುಗಿತು.

ಅಷ್ಟರಲ್ಲಿ ಮೇಲಧಿಕಾರಿಗಳಿಂದ ಕರೆ ಬಂತು. ಅವರು ಕಿಟಕಿಯ ಬಳಿ ನಿಂತು ಸಾಲನ್ನು ಬಹಳ ಹೊತ್ತು ನೋಡಿ, ಕಣ್ಣು ಒದ್ದೆಮಾಡಿಕೊಂಡಿದ್ದರು. ರಜಾದಿನದಲ್ಲಿ, ಸ್ವಂತ ಖರ್ಚಿನಲ್ಲಿ, ಸಾಮಾನ್ಯ ಗಿರಾಕಿಯ ವೇಷದಲ್ಲಿ ತಪಾಸಣೆ ಮಾಡಿದ ನೌಕರನನ್ನು ತಾವು ಸೇವೆಯಲ್ಲಿ ಕಂಡೇ ಇಲ್ಲವೆಂದರು. ತಾವು ಹೋದದ್ದು ತಪಾಸಣೆಗಲ್ಲ, ಕಾರು ಕೊಳ್ಳುವುದಕ್ಕೆ ಎಂದು ಪರೀಕ್ಷಕರು ಸತ್ಯವನ್ನೇ ಹೇಳಿದರು. ಅಧಿಕಾರಿಗಳು ಆ ವಿನಯಕ್ಕೂ ಬೆರಗಾಗಿ, ಇಂಥವರನ್ನು ನಿವೃತ್ತಿಗೊಳಿಸುವುದು ಅನ್ಯಾಯ, ಸೇವೆಯನ್ನು ಎರಡು ವರ್ಷ ವಿಸ್ತರಿಸಲು ಇಂದೇ ಬರೆಯುತ್ತೇನೆ ಎಂದರು. ಇನ್ನೆರಡು ವರ್ಷ ಮೂವತ್ತರ ವೇಗವೆಂದೊಡನೆ ಪರೀಕ್ಷಕರ ಬಲಗಾಲು ಅಧಿಕಾರಿಗಳ ರತ್ನಗಂಬಳಿಯನ್ನು ನೆಲಕ್ಕೊತ್ತಿ ಹಿಡಿಯಿತು. ಸೊಂಟಪಟ್ಟಿಯನ್ನು ತೋರಿಸಿ, ನರಳಿ, ಹೇಗೋ ತಪ್ಪಿಸಿಕೊಂಡರು. ಆ ಬೆನ್ನುನೋವು ಒಂದು ಉಪಕಾರ ಮಾಡಿದ್ದು ಅದೇ ಮೊದಲು.

ಸುದ್ದಿಗೆ ಬ್ರೇಕಿಲ್ಲ. ಬ್ರೇಕಪ್ಪ ಗಿರಾಕಿಯ ವೇಷದಲ್ಲಿ ತಿರುಗುತ್ತಿದ್ದಾನೆ, ಪಕ್ಕದಲ್ಲಿ ಯಾರು ಕುಳಿತರೂ ಅವನೇ ಇರಬಹುದು ಎಂಬ ಮಾತು ಹಬ್ಬಿ, ಎರಡು ವಾರಗಳಲ್ಲಿ ಊರಿಗೆ ಊರೇ ನಿಧಾನವಾಯಿತು. ಬಸ್ಸುಗಳು ನಿಲ್ದಾಣಗಳಲ್ಲಿ ನಿಜವಾಗಿಯೇ ನಿಂತವು. ಟ್ಯಾಕ್ಸಿಯವರು ಹಿಂದೆ ಕುಳಿತವರ ಮುಖವನ್ನು ಕನ್ನಡಿಯಲ್ಲಿ ನೋಡುತ್ತಲೇ ಓಡಿಸಿದರು. ಬೆಳಗಿನ ಹಾಲು ಹತ್ತು ಗಂಟೆಗೆ ಬಂದು, ಅದರ ಶಾಪವೆಲ್ಲ ಪರೀಕ್ಷಕರ ಹೆಂಡತಿಯ ಪಾಲಿಗೆ ಬಿತ್ತು. ಇನ್ನು ಪರೀಕ್ಷಕರನ್ನು ಕೂರಿಸಿಕೊಂಡು ವೇಗವಾಗಿ ಹೋಗುವ ಗಂಡಸು ಆ ಊರಿನಲ್ಲಿ ಉಳಿಯಲೇ ಇಲ್ಲ. ಷಡ್ಡಕನನ್ನು ಬಾಯಿಬಿಟ್ಟು ಕೇಳಿದರು. ನೂರನಲವತ್ತರ ಆ ವೀರ, ಇವರನ್ನು ಹತ್ತಿಸಿಕೊಂಡ ಮೇಲೆ ಮೂವತ್ತೈದನ್ನು ದಾಟಲಿಲ್ಲ. ಕೇಳಿದರೆ ಪೆಟ್ರೋಲು ಉಳಿಸುತ್ತಿದ್ದೇನೆ ಎಂದ. ಇಳಿಸುವಾಗ, ಕಾರು ಯಾವಾಗ ಬರುತ್ತೆ ಭಾವ, ಎಂದು ಕೇಳಲು ಮಾತ್ರ ಮರೆಯಲಿಲ್ಲ. ವಿಷಯ ಪರಿಶೀಲನೆಯಲ್ಲಿದೆ ಎಂದು ಇವರು ಉತ್ತರಿಸಿದರು.

ಹೀಗೆ ಮೂರು ತಿಂಗಳು ಸಂದವು. ಪರೀಕ್ಷಕರು ಊಟದಲ್ಲಿ ರುಚಿ ಕಳೆದುಕೊಂಡದ್ದನ್ನು ಕಂಡು, ಹೆಂಡತಿ ಒಂದು ಬೆಳಿಗ್ಗೆ ಪತ್ರಿಕೆಯ ತುಂಡೊಂದನ್ನು ಕತ್ತರಿಸಿ ಅವರ ತಟ್ಟೆಯ ಪಕ್ಕದಲ್ಲಿಟ್ಟಳು. ಎಂಟು ಸಿಲಿಂಡರಿನ ಅಮೆರಿಕದ ಕಾರು, ಒಬ್ಬರೇ ಓಡಿಸಿದ್ದು, ಮಾರಾಟಕ್ಕಿದೆ. ವಿಳಾಸ ಊರಾಚೆಯ ಹಾಳುಬಿದ್ದ ವಿಮಾನ ನಿಲ್ದಾಣದ ಪಕ್ಕದ್ದು.

“ಈ ಊರಲ್ಲಿ ನಿಮಗೆ ಹೆದರದೆ ಇರೋರು ಇಬ್ಬರೇ” ಎಂದಳು. “ಒಬ್ಬಳು ನಾನು. ನನ್ನ ಹತ್ರ ಇರೋದು ಬೂದು ಕಾರು. ಇನ್ನೊಬ್ಬರು ಈಯಮ್ಮ. ನಮ್ಮ ಮಗಳು ಹುಟ್ಟಿದಾಗ ನನ್ನ ಹೆರಿಗೆ ಮಾಡಿಸಿದ ದಾದಿ, ನೆನಪಿದೆಯಾ?”

ನೆನಪಿತ್ತು. ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ಇದ್ದ ಆ ದಾದಿಯ ಧ್ವನಿಗೆ ಡಾಕ್ಟರುಗಳೇ ಬಾಗಿಲ ಹೊರಗೆ ಚಪ್ಪಲಿ ಬಿಡುತ್ತಿದ್ದರು. ಈಗ ಎಪ್ಪತ್ತಾರು ದಾಟಿದ ಅವರು, ಆ ಗುರುವಾರ ಪರೀಕ್ಷಕರು ಹೋದಾಗ, ಸಾಸಿವೆ ಬಣ್ಣದ ಉದ್ದಮೂತಿಯ ಕಾರೊಂದರ ಬೆನ್ನನ್ನು ಹಸುವಿನ ಮೈ ತೊಳೆಯುವಂತೆ ಉಜ್ಜುತ್ತಿದ್ದರು. ಆಸ್ಪತ್ರೆಯ ವ್ಯಾನನ್ನು ತಾವೇ ಓಡಿಸಿಕೊಂಡು ಹಳ್ಳಿಹಳ್ಳಿಗೆ ಹೋಗುತ್ತಿದ್ದ ಕಾಲದಿಂದ, ಹೊಟ್ಟೆಯಲ್ಲಿರುವ ಕೂಸು ಯಾರಿಗೂ ಕಾಯುವುದಿಲ್ಲವಾದ್ದರಿಂದ, ನಿಧಾನವೆಂಬುದು ತಮಗೆ ಒಗ್ಗಲೇ ಇಲ್ಲವೆಂದರು. ನಿವೃತ್ತರಾದ ದಿನ ಕೊಂಡ ಕಾರು ಇದು. ಮಾರುವುದೇಕೆಂದರೆ, “ಕೂತ್ಕೊಳ್ಳೋಕೆ ಬರುತ್ತೆ, ಏಳೋಕೆ ಬರಲ್ಲ. ಮೊನ್ನೆ ತರಕಾರಿಯವನು ಬಂದು ಎಬ್ಬಿಸೋವರೆಗೆ ಒಳಗೇ ಇದ್ದೆ” ಎಂದು ಮೊಳಕಾಲನ್ನು ತಟ್ಟಿ ತೋರಿಸಿದರು.

ಪರೀಕ್ಷಕರು ಅಭ್ಯಾಸಬಲದಿಂದ ಪಕ್ಕದ ಸೀಟಿನಲ್ಲಿ ಕುಳಿತು, ಅಭ್ಯಾಸಬಲದಿಂದಲೇ ಲೈಸೆನ್ಸ್ ಕೇಳಿದರು. ದಾದಿಯಮ್ಮ ಅಜ್ಜಿಯ ಕಾಲದ ಚೀಲದಿಂದ ಕಂದಿದ ಪುಸ್ತಿಕೆಯೊಂದನ್ನು ತೆಗೆದು ಅವರ ತೊಡೆಯ ಮೇಲೆ ಹಾಕಿದರು. ನವೀಕರಣವೆಲ್ಲ ಕ್ರಮವಾಗಿಯೇ ಇತ್ತು.

“ಇದನ್ನ ಮೊದಲು ಕೊಟ್ಟೋನು ಸತ್ತು ಮೂವತ್ತು ವರ್ಷ ಆಯ್ತು” ಎಂದರು. “ಪಾಪ, ಅವನೂ ನಿನ್ನ ಹಾಗೇ ಕೂತಿದ್ದ. ಬೆಲ್ಟ್ ಹಾಕ್ಕೋ.”

ಮನೆಯ ಹಿಂದಿನ ತಂತಿಬೇಲಿಯ ಸಂದಿನಿಂದ ಕಾರು ಹಾಳುಬಿದ್ದ ಓಡುದಾರಿಗೆ ಇಳಿಯಿತು. ಎರಡು ಕಿಲೋಮೀಟರು ಉದ್ದದ ಬರಿಯ ಕಾಂಕ್ರೀಟು. ಮರವಿಲ್ಲ, ಮನೆಯಿಲ್ಲ, ಮನುಷ್ಯರಿಲ್ಲ. ವೇಗಮಿತಿಯ ಫಲಕವೂ ಇಲ್ಲವೆಂಬುದನ್ನು ಪರೀಕ್ಷಕರು ಶಾಸ್ತ್ರೋಕ್ತವಾಗಿ ಖಚಿತಪಡಿಸಿಕೊಳ್ಳುತ್ತಿದ್ದಾಗಲೇ ದಾದಿಯಮ್ಮ ಕಾಲನ್ನು ಒತ್ತಿದರು.

ಎಂಟು ಸಿಲಿಂಡರುಗಳೂ ಒಟ್ಟಿಗೆ ಗಂಟಲೆತ್ತಿದವು. ಪರೀಕ್ಷಕರ ಹಲಗೆ ಹಿಂದಿನ ಸೀಟಿಗೆ ಹಾರಿತು. ಪೆನ್ನು ಎಲ್ಲಿಗೆ ಹೋಯಿತೋ ದೇವರೇ ಬಲ್ಲ. ಸೀಟು ಅವರ ಬೆನ್ನನ್ನು, ಬಹುಕಾಲದ ಮೇಲೆ ಸಿಕ್ಕ ಸೋದರಮಾವನಂತೆ, ಹಿಡಿದು ಅಪ್ಪಿಕೊಂಡಿತು. ಬಲಗಾಲು ಇಲ್ಲದ ಬ್ರೇಕನ್ನು ಹುಡುಕುತ್ತ ನೆಲವನ್ನು ತುಳಿದು ತುಳಿದು ಸೋತು, ಮೂವತ್ತೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಸುಮ್ಮನಾಯಿತು. ಅವರ ಬಾಯಿಂದ ಒಂದು ಧ್ವನಿ ಹೊರಟಿತು. ಅದು ಭಯವೋ ಭಕ್ತಿಯೋ ಎಂದು ವಿವೇಚಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ.

“ನಿನ್ನ ಹೆಂಡತಿ ಹೆರಿಗೇಲೂ ಇಷ್ಟು ಕಿರುಚಿರಲಿಲ್ಲ” ಎಂದರು ದಾದಿಯಮ್ಮ, ನೂರೈವತ್ತರಲ್ಲಿ, ಮುಸುರೆ ತಿಕ್ಕುವಾಗ ಮಾತಾಡುವ ಧಾಟಿಯಲ್ಲಿ.

ಕಾರು ನಿಂತ ಮೇಲೆ ಪರೀಕ್ಷಕರ ಸಂದೇಹಗಳೆಲ್ಲ ಪರಿಹಾರವಾಗಿದ್ದವು. ಅಳಿಯ ಬೇಡ, ಭಾವಮೈದುನನೇ ಸರಿ. ಕೇಳಿದ ಬೆಲೆಗೇ ಕೊಳ್ಳುತ್ತೇನೆ ಎಂದರು. ದಾದಿಯಮ್ಮ ಒಪ್ಪಲಿಲ್ಲ. ತಾವು ಯಾವ ಕೂಸನ್ನೂ ಎತ್ತಿಕೊಳ್ಳಲು ಬರುತ್ತದೋ ಇಲ್ಲವೋ ನೋಡದೆ ಅಪ್ಪನ ಕೈಗೆ ಕೊಟ್ಟವರಲ್ಲ, ಕಾರನ್ನೂ ಕೊಡುವುದಿಲ್ಲ. ಓಡಿಸಿ ತೋರಿಸಲಿ. ಅವರು ಕಷ್ಟಪಟ್ಟು ಎದ್ದು, ಪರೀಕ್ಷಕರ ಕೈಹಿಡಿದು ಸುತ್ತಿಬಂದು, ಪಕ್ಕದ ಸೀಟಿನಲ್ಲಿ ಕುಳಿತು, ಹಿಂದೆ ಬಿದ್ದಿದ್ದ ಹಲಗೆಯನ್ನು ಎತ್ತಿ ತಮ್ಮ ಮೊಳಕಾಲಿನ ಮೇಲಿಟ್ಟುಕೊಂಡರು.

ನಿಯಮಗಳಲ್ಲಿ ಒಂದನ್ನೂ ಪರೀಕ್ಷಕರು ತಪ್ಪಲಿಲ್ಲ. ಕನ್ನಡಿಗಳನ್ನು ಸರಿಪಡಿಸಿಕೊಂಡರು, ಸಂಕೇತ ಕೊಟ್ಟರು, ಹೊರಟರು. ಆದರೆ ಕೈಯಲ್ಲಿ ಚಕ್ರವಿದ್ದರೂ ಅವರ ಜೀವಮಾನದ ವಿದ್ಯೆಯೆಲ್ಲ ಒಂದೇ ಕಾಲಿನಲ್ಲಿತ್ತು. ಎರಡು ಕಿಲೋಮೀಟರಿನ ಆ ಬಯಲಿನಲ್ಲಿ ಕಾರು ಗುಟುರುಹಾಕಿ ಮುಂದಕ್ಕೆ ನೆಗೆಯಿತು, ನಿಂತಿತು, ನೆಗೆಯಿತು, ನಿಂತಿತು. ಕೊನೆ ಮುಟ್ಟಿದಾಗ ದಾದಿಯಮ್ಮನ ಮುಡಿ ಬಿಚ್ಚಿಹೋಗಿತ್ತು.

“ಹನ್ನೊಂದು ಸಲ ಬ್ರೇಕ್ ಹಾಕಿದೆ. ಎದುರಿಗೆ ಏನಿತ್ತು?”

“ಬರಬಹುದಾಗಿತ್ತಮ್ಮ.”

“ಬಂತಾ?”

“ಇಲ್ಲ.”

“ಫೇಲು.”

ಅವರು ಚೀಲದಿಂದ ಪೆನ್ಸಿಲ್ ತೆಗೆದು ಹಾಗೆಯೇ ಬರೆದು, ಅಡಿಯಲ್ಲಿ ಗೆರೆಯನ್ನೂ ಎಳೆದರು. ಪರೀಕ್ಷಕರು ಬಾಯಿತೆರೆದರು. ಇನ್ನೊಂದು ಸಲ ನೋಡಬಹುದಲ್ಲವೇ, ಇವತ್ತು ಸ್ವಲ್ಪ ಗಾಬರಿಯಾಗಿತ್ತು, ಮನೆಯಲ್ಲಿ ಚೆನ್ನಾಗಿಯೇ ಬರುತ್ತಿತ್ತು ಎಂಬ ಮಾತುಗಳು ಒಂದರ ಹಿಂದೊಂದು ತಾವಾಗಿಯೇ ಬಂದವು. ಅವನ್ನು ಅವರು ಸಾವಿರಾರು ಬಾಯಿಗಳಿಂದ ಕೇಳಿ ಬಲ್ಲರು. ಅವು ಎಷ್ಟು ಸತ್ಯವೆಂಬುದು ಅಂದೇ ತಿಳಿದದ್ದು. ದಾದಿಯಮ್ಮ ಮುಂದಿನ ಗುರುವಾರ ಬಾ ಎಂದರು. ಆದರೆ ಹಾಗೇ ಕಳುಹಿಸದೆ, ಓಡಿಸುವುದು ಹೇಗೆಂದು ತೋರಿಸುತ್ತೇನೆ ನೋಡು ಎಂದು ಮತ್ತೆ ಚಕ್ರ ಹಿಡಿದು, ಅವರನ್ನು ಕೂರಿಸಿಕೊಂಡು ಇನ್ನೆರಡು ಸಲ ಆ ಬಯಲನ್ನು ಸೀಳಿದರು.

ಮನೆಯಲ್ಲಿ ಹೆಂಡತಿ ಏನಾಯಿತೆಂದು ಕೇಳಿದಾಗ, ತಾವು ಫೇಲಾದುದನ್ನು ಪರೀಕ್ಷಕರು ಪರಮ ಸಂತೋಷದಿಂದ ಹೇಳಿದರು. ಹೆಂಡತಿ ಅಡುಗೆಮನೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ನಕ್ಕುಬಂದಳು. ಎರಡನೆಯ ಗುರುವಾರ ಏಳು ಬ್ರೇಕು, ಫೇಲು, ಮೂರು ಸಲ ಪ್ರಾತ್ಯಕ್ಷಿಕೆ. ಮೂರನೆಯ ಗುರುವಾರ ನಾಲ್ಕು ಬ್ರೇಕು. ಪರೀಕ್ಷಕರ ಬೆನ್ನು ನೆಟ್ಟಗಾಗತೊಡಗಿತು. ಊಟದ ರುಚಿ ಹಿಂದಿರುಗಿತು. ಕಚೇರಿಯಲ್ಲಿ ಅವರು ಫೇಲಾದವರಿಗೆ ನೀರು ಕುಡಿಸಿ ಕಳುಹಿಸುತ್ತಾರೆಂಬ ನಂಬಲಾಗದ ಸುದ್ದಿ ಹಬ್ಬಿತು. ನೀಲಿ ಕಾರಿನ ವ್ಯಾಪಾರಿ ಐದನೆಯ ಸಲಕ್ಕೆ ಪಾಸಾಗಿ, ಹೊರಗೆ ಬಂದು ಯಾರದೋ ಹೆಗಲಿಗೊರಗಿ ಅತ್ತ.

ಗುರುವಾರದ ಗುಟ್ಟು ಷಡ್ಡಕನಿಗೂ ಮುಟ್ಟಿತು. ಭಾವನಿಗಿಂತ ಮೊದಲು ತಾನೇ ಆ ಕಾರನ್ನು ಹಾರಿಸಿಕೊಂಡು ಬಂದರೆ ಹೇಗಿರುತ್ತದೆಂದು ಅವನು, ದಾದಿಯಮ್ಮ ಹೇಳಿದ ಬೆಲೆಗಿಂತ ಹೆಚ್ಚು ಹಣ ಹಿಡಿದುಕೊಂಡೇ ಹೋದ. ದಾದಿಯಮ್ಮ ಅವನಿಂದಲೂ ಓಡಿಸಿ ನೋಡಿದರು. ಅವನು ಒಂದು ಸಲವೂ ಬ್ರೇಕು ಹಾಕಲಿಲ್ಲವೆಂದೂ, ಓಡುದಾರಿ ಮುಗಿದುದನ್ನು ಬೇಲಿ ಬಂದ ಮೇಲೆ ತಿಳಿದನೆಂದೂ ವರದಿಯಾಯಿತು. ನಿನಗೆ ಈ ಜನ್ಮದಲ್ಲಿ ಇಲ್ಲ, ಅಲ್ಲದೆ ನನಗೆ ಒಬ್ಬ ಅಭ್ಯರ್ಥಿ ಈಗಾಗಲೇ ಇದ್ದಾನೆ ಎಂದು ಅವರು ಅವನನ್ನು ಕಳುಹಿಸಿದರಂತೆ. ಆ ಭಾನುವಾರದ ಊಟದಲ್ಲಿ ಷಡ್ಡಕ ಟೈಲ್ಸಿನ ವಿಷಯವನ್ನು ಬಿಟ್ಟು ಬೇರೇನನ್ನೂ ಮಾತಾಡಲಿಲ್ಲ.

ನಾಲ್ಕನೆಯ ಗುರುವಾರ ಒಂದೇ ಬ್ರೇಕು. ಕಾಗೆಯೊಂದು ನಿಜವಾಗಿಯೇ ಕುಳಿತಿತ್ತಾದರೂ, ಕಾಗೆಗೆ ರೆಕ್ಕೆಯುಂಟೆಂದು ದಾದಿಯಮ್ಮ ರಿಯಾಯಿತಿ ಕೊಡಲಿಲ್ಲ. ಮುಂದಿನ ವಾರ ನೀನು ಪಾಸಾಗುತ್ತೀಯ ಎಂದು ಮಾತ್ರ ಹೇಳಿದರು. ಹೇಳಿ, ಕಾರಿನ ಬಾಗಿಲನ್ನು ಎಂದಿಗಿಂತ ಮೆಲ್ಲಗೆ ಹಾಕಿದರು.

ಐದನೆಯ ಗುರುವಾರ ಪರೀಕ್ಷಕರ ನಿವೃತ್ತಿಯ ಹಿಂದಿನ ದಿನ. ಕಾರನ್ನು ನಿಲ್ಲಿಸಲು ಅವರು ಮನೆಯ ಮುಂದೆ ಸ್ಥಳ ತೆರವು ಮಾಡಿಸಿದ್ದರು. ಬೀದಿಯ ಅಮೆರಿಕ ಪಕ್ಷ ವಿಜಯೋತ್ಸವಕ್ಕೆ ಸಿದ್ಧವಾಗಿತ್ತು. ದಾದಿಯಮ್ಮ ಕಾರನ್ನು ಕನ್ನಡಿಯಂತೆ ಉಜ್ಜಿ, ಅದರ ಕಾಗದಪತ್ರಗಳನ್ನೆಲ್ಲ ಒಂದು ಬಟ್ಟೆಯ ಚೀಲದಲ್ಲಿ ಕಟ್ಟಿ, ಎರಡನೆಯ ಕೀಲಿಯನ್ನೂ ಅದರೊಳಗಿಟ್ಟು, ಹಲಗೆ ಹಿಡಿದು ಪಕ್ಕದಲ್ಲಿ ಕುಳಿತರು.

ಕಾರು ಹೊರಟಿತು. ಅರವತ್ತು, ತೊಂಬತ್ತು, ನೂರಹತ್ತು. ಬಿಸಿಲಿನಲ್ಲಿ ಬಯಲು ಒಗೆದು ಹರವಿದ ಬಟ್ಟೆಯಂತೆ ಬಿದ್ದಿತ್ತು; ಕಾಗೆಯ ನೆರಳೂ ಇರಲಿಲ್ಲ. ಪರೀಕ್ಷಕರ ಬಲಗಾಲು ಸಾಧುವಾಗಿತ್ತು. ಓಡುದಾರಿಯ ಕೊನೆಯಲ್ಲಿ ಪರೀಕ್ಷೆ ಮುಗಿಯುವ ಬಿಳಿಗೆರೆ ಕಾಣತೊಡಗಿದಾಗ ಅವರು ನಿಯಮದಂತೆ ಕನ್ನಡಿಯನ್ನು ನೋಡಿದರು, ಪಕ್ಕಕ್ಕೂ ನೋಡಿದರು. ದಾದಿಯಮ್ಮ ರಸ್ತೆಯನ್ನು ನೋಡುತ್ತಿರಲಿಲ್ಲ. ಅವರ ಒಂದು ಕೈ ಹಲಗೆಯ ಮೇಲಿತ್ತು; ಇನ್ನೊಂದು ಬಾಗಿಲಿನ ಒಳಮೈಯನ್ನು, ಮಲಗಿದ ಮಗುವನ್ನು ತಟ್ಟುವಂತೆ, ತಟ್ಟುತ್ತಿತ್ತು.

ಬಿಳಿಗೆರೆಗೆ ನೂರು ಮಾರು ಇರುವಾಗ ಪರೀಕ್ಷಕರು ಬ್ರೇಕು ಹಾಕಿದರು. ಅರೆಮನಸ್ಸಿನದಲ್ಲ, ಕಾರು ಮೂತಿಯನ್ನು ನೆಲಕ್ಕೊತ್ತಿ ನಿಂತಿತು. ಧೂಳು ಅವರನ್ನು ದಾಟಿ ಮುಂದೆ ಹೋಯಿತು.

ದಾದಿಯಮ್ಮ ನಿಧಾನವಾಗಿ ಅವರ ಕಡೆ ತಿರುಗಿದರು.

“ಏನಿತ್ತು ಎದುರಿಗೆ?”

“ಇರುವೆ ಸಾಲು ಇತ್ತಮ್ಮ.”

ದಾದಿಯಮ್ಮ ಮುಂದಿನ ಗಾಜಿನಾಚೆ ಖಾಲಿಬಿದ್ದ ಕಾಂಕ್ರೀಟನ್ನು ಬಹಳ ಹೊತ್ತು ಪರಿಶೀಲಿಸಿದರು. ಇಳಿದು ನೋಡುವ ಗೋಜಿಗೆ ಹೋಗಲಿಲ್ಲ.

“ಹೌದು, ದೊಡ್ಡ ಸಾಲೇ” ಎಂದರು. “ಫೇಲು. ಮುಂದಿನ ಗುರುವಾರ ಬೇಗ ಬಾ. ಈಗ ಆ ಚಕ್ರ ಬಿಟ್ಟು ಈ ಕಡೆ ಬಂದು ಕೂತ್ಕೋ.”

ಪರೀಕ್ಷಕರು ಆಗಲೇ ಬೆಲ್ಟ್ ಬಿಚ್ಚಿದ್ದರು.